ಗೋಡೆಯೂ ಬೀರುವೂ: ಗೃಹಗಳಲ್ಲಿ ಎತ್ತರದ ಪೀಠೋಪಕರಣಗಳ ಸ್ಥಿರತೆಯನ್ನು ಕುರಿತು

೧. ಪೀಠಿಕೆ

ಕೋಣೆಯ ಗೋಡೆಗೆ ಒತ್ತಿ ನಿಲ್ಲಿಸಿದ ಬೀರು ಗೋಡೆಯ ಆಸರೆಯಲ್ಲಿಯೇ ನಿಂತಿದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಹಾಗಿಲ್ಲ. ಬೆನ್ನಿಗೆ ಗೋಡೆಯಿರುವುದರಿಂದ ಬೀರು ಹಿಂದಕ್ಕೆ ಬೀಳಲಾರದು, ಅಷ್ಟೆ. ಮುಂದಕ್ಕೆ ಬೀಳುವುದನ್ನು ತಡೆಯಲು ಆ ಗೋಡೆಯಿಂದ ಕಿಂಚಿತ್ತೂ ಸಹಾಯವಿಲ್ಲ. ಬೀರು ಉರುಳುವುದಾದರೆ ಮುಂದಕ್ಕೇ ಉರುಳಬೇಕು; ಎಂದರೆ ಮನೆಯವರು ನಿಲ್ಲುವ, ಮಕ್ಕಳು ಆಡುವ, ಅನೇಕ ಮನೆಗಳಲ್ಲಿ ರಾತ್ರಿ ಹಾಸಿಗೆ ಹಾಸುವ ಸ್ಥಳದ ಮೇಲೆಯೇ ಬೀಳಬೇಕು.

ಬೀರು, ಪುಸ್ತಕದ ಕಪಾಟು, ಡ್ರಾಯರುಗಳುಳ್ಳ ಬಟ್ಟೆಯ ಪೆಟ್ಟಿಗೆ, ಗಾಜಿನ ಷೋಕೇಸು ಮುಂತಾದ ಎತ್ತರದ ವಸ್ತುಗಳು ಯಾವ ಕಾರಣಗಳಿಂದ ಉರುಳುತ್ತವೆ, ನಮ್ಮ ನಾಡಿನ ಗೋಡೆಗಳಿಗೆ ಅವನ್ನು ಯಾವ ರೀತಿಯಲ್ಲಿ ಬಂಧಿಸಬಹುದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯವು ಮೇಲ್ನೋಟಕ್ಕೆ ಕ್ಷುಲ್ಲಕವೆಂದು ತೋರಬಹುದು. ಆದರೆ ಈ ಅಪಘಾತಕ್ಕೆ ಬಹುಮಟ್ಟಿಗೆ ಗುರಿಯಾಗುವವರು ಆರು ವರ್ಷಕ್ಕೆ ಕೆಳಗಿನ ಮಕ್ಕಳೆಂಬುದನ್ನೂ, ಅದರ ನಿವಾರಣೆಗೆ ಬೇಕಾದುದು ಎರಡು ಪಟ್ಟಿ, ನಾಲ್ಕು ತಿರುಪುಮೊಳೆಗಳು ಮಾತ್ರವೆಂಬುದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇದು ಉಪೇಕ್ಷಿಸತಕ್ಕ ವಿಷಯವಲ್ಲವೆಂದು ವಾಚಕರಿಗೆ ಮನದಟ್ಟಾಗದಿರದು.

೨. ಗೋಡೆಯೊಳಗಿನಿಂದ ಹೊರಬಂದ ಕಪಾಟು

ನಮ್ಮ ಹಳೆಯ ಮನೆಗಳಲ್ಲಿ ಈ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲ. ಮಣ್ಣಿನ ಗೋಡೆಗಳು ಒಂದೂವರೆ ಎರಡು ಅಡಿ ದಪ್ಪವಾಗಿರುತ್ತಿದ್ದುವು. ದೀಪವಿಡಲು ಗೂಡು, ದೇವರಿಗೆ ಮಾಡ, ಪಾತ್ರೆ ಪುಸ್ತಕಗಳಿಗೆ ಗೋಡೆಬೀರು, ಇವೆಲ್ಲವೂ ಆ ದಪ್ಪದೊಳಗೇ ಅಡಗಿರುತ್ತಿದ್ದುವು. ಗೋಡೆಯ ಹೊರಗೆ ಇಡುತ್ತಿದ್ದುದು ಪೆಟ್ಟಿಗೆ, ಪೆಟಾರಿ ಮೊದಲಾದುವು. ಇವುಗಳ ಎತ್ತರವು ಉದ್ದಕ್ಕಿಂತ ಕಡಿಮೆ. ಮಗುವೊಂದು ಪೆಟ್ಟಿಗೆಯ ಮೇಲೆ ಹತ್ತಿ ಕುಣಿದರೂ ಪೆಟ್ಟಿಗೆ ಮಗುಚುತ್ತಿರಲಿಲ್ಲ. ನಾವು ಕನ್ನಡದ್ದೇ ಎಂಬಂತೆ ಬಳಸುವ ‘ಅಲಮಾರು’ ಎಂಬ ಶಬ್ದವು ಪೋರ್ಚುಗೀಸ್ ಭಾಷೆಯಿಂದ ಬಂದುದು. ಸ್ವತಂತ್ರವಾಗಿ ನಿಲ್ಲುವ ಎತ್ತರದ ಕಪಾಟು ನಮ್ಮ ಮನೆಗೆ ತಡವಾಗಿ ಬಂದ ಅತಿಥಿಯೆಂಬುದನ್ನು ಆ ಹೆಸರೇ ಸೂಚಿಸುತ್ತದೆ.

ಇಟ್ಟಿಗೆ ಸಿಮೆಂಟುಗಳ ಬಳಕೆಯೊಡನೆ ಗೋಡೆಯ ದಪ್ಪವು ಒಂಬತ್ತು ಅಂಗುಲಕ್ಕೂ, ಒಳಗೋಡೆಗಳಲ್ಲಿ ನಾಲ್ಕೂವರೆ ಅಂಗುಲಕ್ಕೂ ಇಳಿಯಿತು. ಅದರೊಳಗೆ ಅಡಗಲು ಎಡೆ ಸಾಲದೆ ಕಪಾಟು ಹೊರಕ್ಕೆ ಬಂದು ನಿಂತಿತು. ಕೋಣೆಗಳು ಕಿರಿದಾದಂತೆ ನೆಲದ ಮೇಲೆ ಅದು ಆಕ್ರಮಿಸುವ ಸ್ಥಳವನ್ನು ಉಳಿಸಬೇಕಾಯಿತು. ಆದುದರಿಂದ ಕಪಾಟು ಎತ್ತರವಾಯಿತು, ತೆಳ್ಳಗಾಯಿತು. ಗೋಡೆಯ ಅಂಗವಾಗಿದ್ದಾಗ ಅದಕ್ಕಿದ್ದ ಸ್ಥಿರತೆಯು ಗೋಡೆಯಿಂದ ಬಂದುದಾಗಿತ್ತು. ಗೋಡೆಯನ್ನು ಬಿಟ್ಟು ಬಂದಾಗ ಆ ಸ್ಥಿರತೆಯನ್ನು ಅದು ಹಿಂದೆಯೇ ಬಿಟ್ಟುಬಂದಿತು. ಕಪಾಟನ್ನು ಗೋಡೆಗೆ ಬಂಧಿಸುವುದೆಂದರೆ ಕಳೆದುಹೋದ ಆ ಸಂಬಂಧವನ್ನು ಪುನಃ ಕಲ್ಪಿಸುವುದೇ ಆಗಿದೆ.

೩. ಉರುಳುವಿಕೆಯ ಗಣಿತ

ನಿಂತ ವಸ್ತುವಿನ ಗುರುತ್ವಕೇಂದ್ರದಿಂದ ಇಳಿಸಿದ ಲಂಬರೇಖೆಯು ಅದರ ಆಧಾರತಲದೊಳಗೆ ಬೀಳುವವರೆಗೆ ವಸ್ತು ನಿಲ್ಲುತ್ತದೆ. ರೇಖೆಯು ತಲದ ಅಂಚನ್ನು ದಾಟಿದೊಡನೆ ಉರುಳುತ್ತದೆ. ಈ ತತ್ತ್ವವು ಶಾಲೆಯ ಪಾಠಗಳಲ್ಲಿಯೇ ಬರುವುದು. ಅದನ್ನು ನಮ್ಮ ಮನೆಗಳ ಕಬ್ಬಿಣದ ಬೀರುವಿಗೆ ಅನ್ವಯಿಸಿ ನೋಡೋಣ.

ಬೀರುವಿನ ಎತ್ತರ ೧೯೮ ಸೆಂಟಿಮೀಟರು, ಆಳ ೪೮ ಸೆಂಟಿಮೀಟರು, ಬರಿದಾಗಿರುವಾಗ ತೂಕ ೮೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗುರುತ್ವಕೇಂದ್ರವು ಸುಮಾರಾಗಿ ನಡುವೆ, ಎಂದರೆ ಮುಂದಿನ ಅಂಚಿನಿಂದ ೨೪ ಸೆಂಟಿಮೀಟರು ಒಳಗೂ ನೆಲದಿಂದ ೯೯ ಸೆಂಟಿಮೀಟರು ಮೇಲೂ ಇರುವುದು. ತೂಕವನ್ನು ಅಂಚಿನಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಬರುವುದು ತಿರುಗುಬಲ. ಬೀರುವನ್ನು ನಿಲ್ಲಿಸಿ ಹಿಡಿಯುವ ತಿರುಗುಬಲ ಇಲ್ಲಿ ೮೦ × ೨೪, ಎಂದರೆ ೧೯೨೦ ಕಿಲೋ-ಸೆಂಟಿಮೀಟರು. ಈಗ ನೆಲದಿಂದ ೧೫೦ ಸೆಂಟಿಮೀಟರು ಎತ್ತರದಲ್ಲಿ ಹಿಡಿದು ಅದನ್ನು ಮುಂದಕ್ಕೆ ಎಳೆದರೆ ಎಷ್ಟು ಬಲ ಬೇಕು? ೧೯೨೦ನ್ನು ೧೫೦ರಿಂದ ಭಾಗಿಸಿದರೆ ೧೩ ಕಿಲೋಗಿಂತ ತುಸು ಕಡಿಮೆ. ಎಂಬತ್ತು ಕಿಲೋ ತೂಕದ ಬೀರುವಿನ ಮುಂಗಾಲುಗಳ ಮೇಲಿನ ಸಮತೋಲವು ಒಂದು ಕೊಡ ನೀರಿನಷ್ಟು ಎಳೆತಕ್ಕೆ ತಪ್ಪುತ್ತದೆ. ತುಕ್ಕು ಹಿಡಿದು ಬಿಗಿದ ಬಾಗಿಲನ್ನು ತೆರೆಯಲು ವಯಸ್ಕರು ಜಗ್ಗುವುದು ಇದಕ್ಕಿಂತ ಹೆಚ್ಚಿನ ಬಲದಿಂದಲೇ. ‘ಇಷ್ಟು ಭಾರವಾದುದು ಎಲ್ಲಿ ಬಿದ್ದೀತು’ ಎಂಬ ನಂಬಿಕೆಯು ಹೀಗೆ ನಿರಾಧಾರವಾದುದು. ಭಾರವು ಬೀಳುವಿಕೆಯನ್ನು ಪೂರ್ಣವಾಗಿ ತಪ್ಪಿಸದೆ, ಬಿದ್ದಾಗಿನ ಹಾನಿಯನ್ನು ಮಾತ್ರ ಹೆಚ್ಚಿಸುತ್ತದೆ.

ನಮ್ಮ ಮನೆಗಳ ನೆಲವೂ ಇಲ್ಲಿ ಗಣನೀಯವಾದುದು. ತೊಳೆದ ನೀರು ಹರಿದುಹೋಗಲೆಂದು ಹಳೆಯ ಮನೆಗಳ ನೆಲಕ್ಕೆ ಬಾಗಿಲಿನ ಅಥವಾ ಬಚ್ಚಲಿನ ಕಡೆಗೆ ಓಟ ಕೊಟ್ಟಿರುತ್ತಾರೆ. ಇದರಿಂದ ಬೀರುವಿನ ಮುಂಗಾಲುಗಳು ಹಿಂಗಾಲುಗಳಿಗಿಂತ ಒಂದೇ ಸೆಂಟಿಮೀಟರು ತಗ್ಗಾದರೂ ಗುರುತ್ವಕೇಂದ್ರವು ಸುಮಾರು ೨ ಸೆಂಟಿಮೀಟರು ಮುಂದಕ್ಕೆ ಸರಿಯುವುದು. ೧೩ ಕಿಲೋ ಎಳೆತ ೧೨ಕ್ಕೂ ಕೆಳಗಿಳಿಯುವುದು. ನೀರು ತಾಗದಿರಲೆಂದು ಕಾಲುಗಳ ಕೆಳಗೆ ಇಟ್ಟಿಗೆ ಅಥವಾ ಮರದ ತುಂಡುಗಳನ್ನಿಡುವುದೂ, ಅಟ್ಟದಲ್ಲಿ ಸ್ಥಳವಿಲ್ಲವೆಂದು ತುಂಬಿದ ಸೂಟ್‌ಕೇಸುಗಳನ್ನು ಬೀರುವಿನ ನೆತ್ತಿಯ ಮೇಲೆ ಪೇರಿಸುವುದೂ ಗುರುತ್ವಕೇಂದ್ರವನ್ನು ಮೇಲೆತ್ತುತ್ತವೆ. ಕೇಂದ್ರವು ಮೇಲೇರಿದಷ್ಟೂ ಅಲ್ಪ ಓರೆಯಲ್ಲಿಯೇ ಸಮತೋಲ ತಪ್ಪುವುದು.

೪. ಡ್ರಾಯರು ಮತ್ತು ಮಗು

ಡ್ರಾಯರುಗಳುಳ್ಳ ಪೆಟ್ಟಿಗೆಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಬಳಸಿದೊಡನೆ ಅದರ ಆಕಾರವೇ ಬದಲಾಗುತ್ತದೆ. ಮುಚ್ಚಿದ್ದಾಗ ಸ್ಥಿರತೆಗೆ ನೆರವಾಗುತ್ತಿದ್ದ ಡ್ರಾಯರು ತೆರೆದಾಗ ಉರುಳಿಸುವ ಪಕ್ಷಕ್ಕೆ ಸೇರಿಕೊಳ್ಳುತ್ತದೆ.

ನಾಲ್ಕು ಡ್ರಾಯರುಗಳ ಒಂದು ಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಡ್ರಾಯರುಗಳನ್ನು ಬಿಟ್ಟು ಅದರ ತೂಕ ೨೫ ಕಿಲೋ. ಗುರುತ್ವಕೇಂದ್ರ ಮುಂದಿನ ಅಂಚಿನಿಂದ ೨೨ ಸೆಂಟಿಮೀಟರು ಒಳಗೆ. ನಿಲ್ಲಿಸುವ ತಿರುಗುಬಲ ೫೫೦. ಬಟ್ಟೆ ತುಂಬಿದ ಡ್ರಾಯರು ಒಂದಕ್ಕೆ ೬ ಕಿಲೋ. ನಾಲ್ಕನ್ನೂ ೩೨ ಸೆಂಟಿಮೀಟರು ಹೊರಕ್ಕೆಳೆದರೆ ಅವುಗಳ ಕೇಂದ್ರವು ಅಂಚಿನಿಂದ ೧೦ ಸೆಂಟಿಮೀಟರು ಮುಂದೆ ಬರುವುದು. ಉರುಳಿಸುವ ತಿರುಗುಬಲ ೨೪ × ೧೦, ಎಂದರೆ ೨೪೦. ಇದು ೫೫೦ಕ್ಕಿಂತ ಬಹಳ ಕಡಿಮೆ. ಪೆಟ್ಟಿಗೆ ಅಲುಗಾಡದೆ ನಿಂತಿರುವುದು. ಇದನ್ನು ನೋಡಿದ ತಾಯಿತಂದೆಗಳು ಅದು ಭದ್ರವಾಗಿದೆಯೆಂದು ನಂಬುವುದು ಸಹಜವೇ.

ಈಗ ಮಗುವೊಂದು ತೆರೆದ ಡ್ರಾಯರುಗಳನ್ನು ಮೆಟ್ಟಿಲುಗಳೆಂದು ಬಗೆದು ಹತ್ತುತ್ತದೆ. ಅದರ ಭಾರವು ಡ್ರಾಯರಿನ ಹೊರ ಅಂಚಿನಲ್ಲಿ, ೩೨ ಸೆಂಟಿಮೀಟರು ಮುಂದೆ ಬೀಳುವುದು. ಮಗುವಿನ ತೂಕ ೧೦ ಕಿಲೋ ಆದರೂ ಸಾಕು: ೩೨೦ಕ್ಕೆ ೨೪೦ ಕೂಡಿ ೫೬೦ ಆಯಿತು, ತಕ್ಕಡಿ ಮುಂದಕ್ಕೆ ವಾಲಿತು. ಹತ್ತು ಕಿಲೋ ಎಂದರೆ ಆಗತಾನೆ ನಡೆಯಲು ಕಲಿತ ಕೂಸಿನ ತೂಕ. ಹೀಗೆ ಉರುಳಿದ ಪೆಟ್ಟಿಗೆಯ ಕೆಳಗೆ ಸಿಲುಕಿದ ಕೂಸಿನ ಎದೆ ಅದುಮಿಹೋಗುವುದರಿಂದ ಅದು ಕೂಗಲಾರದು. ಪಕ್ಕದ ಕೋಣೆಯಲ್ಲಿದ್ದವರಿಗೂ ತಿಳಿಯದೆ ಹೋಗುವ ಸಂಭವವುಂಟು. ‘ನಾವು ಮನೆಯಲ್ಲಿಯೇ ಇರುತ್ತೇವೆ’ ಎಂಬ ಭರವಸೆಯು ಈ ಅಪಘಾತದ ವಿಷಯದಲ್ಲಿ ಸಾಲದು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ವಿಷಯವು ಶಾಸನದವರೆಗೂ ಹೋಯಿತು. ಮಕ್ಕಳ ಮರಣಗಳ ತರುವಾಯ ೨೦೧೬ರ ಜೂನ್ ತಿಂಗಳಿನಲ್ಲಿ ಐಕಿಯ ಸಂಸ್ಥೆಯು ಆ ದೇಶದಲ್ಲಿ ಮಾರಿದ್ದ ಸುಮಾರು ೨ ಕೋಟಿ ೯೦ ಲಕ್ಷ ಡ್ರಾಯರು ಪೆಟ್ಟಿಗೆಗಳನ್ನು ಹಿಂದಕ್ಕೆ ಪಡೆಯುವ ಪ್ರಕಟಣೆ ಹೊರಟಿತು. ಮಕ್ಕಳನ್ನು ಕಳೆದುಕೊಂಡ ತಾಯಿತಂದೆಗಳು ವರ್ಷಗಟ್ಟಲೆ ಪಟ್ಟ ಶ್ರಮದ ಫಲವಾಗಿ ೨೦೨೨ರ ಡಿಸೆಂಬರಿನಲ್ಲಿ ‘ಸ್ಟರ್ಡಿ’ ಎಂಬ ಹೆಸರಿನ ಕಾಯಿದೆ ಅಂಗೀಕೃತವಾಯಿತು. ಅದಕ್ಕನುಸಾರವಾದ ಕಡ್ಡಾಯದ ನಿಯಮವು ೨೦೨೩ರ ಸೆಪ್ಟೆಂಬರ್ ೧ರಿಂದ ತಯಾರಾದ ವಸ್ತುಗಳಿಗೆ ಅನ್ವಯಿಸಿತು. ಸುಮಾರು ೬೯ ಸೆಂಟಿಮೀಟರಿಗೆ ಮೇಲ್ಪಟ್ಟ ಎತ್ತರದ ಬಟ್ಟೆಯ ಕಪಾಟುಗಳು ಇದಕ್ಕೆ ಒಳಪಡುತ್ತವೆ. ೬೦ ಪೌಂಡು, ಎಂದರೆ ಸುಮಾರು ೨೭ ಕಿಲೋ ತೂಕದವರೆಗಿನ ಮಕ್ಕಳು ಹತ್ತಿ ಜಗ್ಗುವ ಸಂದರ್ಭವನ್ನು ಅನುಕರಿಸಿ ಪರೀಕ್ಷೆ ನಡೆಸಲಾಗುತ್ತದೆ. ಸೊಂಟದೆತ್ತರದ ಪೆಟ್ಟಿಗೆಯನ್ನೂ ಅಪಾಯಕರವೆಂದೇ ಈ ನಿಯಮವು ಪರಿಗಣಿಸಿರುವುದು ಗಮನಾರ್ಹ. ಆದರೆ ಯಾವ ನಿಯಮವೂ ಈಗಾಗಲೇ ಮನೆಯಲ್ಲಿರುವ ಹಳೆಯ ಕಪಾಟನ್ನು ತಿದ್ದಲಾರದು. ಆ ಕೆಲಸ ಮನೆಯವರದೇ.

ಭೂಕಂಪದ ಪ್ರಸಂಗವನ್ನೂ ಇಲ್ಲಿ ಒಂದೆರಡು ಮಾತಿನಲ್ಲಿ ಹೇಳಬೇಕು. ಮೇಲೆ ಹೇಳಿದ ಬೀರು ನಿಂತ ನೆಲವು ಗುರುತ್ವದ ವೇಗೋತ್ಕರ್ಷದ ಕಾಲುಭಾಗದಷ್ಟು ವೇಗೋತ್ಕರ್ಷದಿಂದ ಪಕ್ಕಕ್ಕೆ ಕದಲಿದರೆ ಅದರ ಕಾಲುಗಳು ನೆಲದಿಂದ ಏಳತೊಡಗುತ್ತವೆ. ಜಪಾನಿನ ಕೋಬೆ ನಗರದಲ್ಲಿ ೧೯೯೫ರ ಜನವರಿ ೧೭ರ ಭೂಕಂಪದ ಬಳಿಕ, ಕಪಾಟುಗಳನ್ನು ಗೋಡೆಗೆ ಬಿಗಿಯಬೇಕೆಂಬ ಬೋಧನೆಯು ಆ ದೇಶದಲ್ಲಿ ವ್ಯಾಪಕವಾಯಿತು. ಕರ್ನಾಟಕದ ಗಡಿಗೆ ಸಮೀಪದ ಕಿಲ್ಲಾರಿಯಲ್ಲಿ ೧೯೯೩ರ ಸೆಪ್ಟೆಂಬರ್ ೩೦ರಂದು, ಕೊಯ್ನಾದಲ್ಲಿ ೧೯೬೭ರ ಡಿಸೆಂಬರ್ ೧೧ರಂದು ಆದ ಭೂಕಂಪಗಳನ್ನು ನೆನೆದರೆ ನಾವೂ ಈ ಬೋಧನೆಗೆ ಪೂರ್ಣವಾಗಿ ಹೊರತಾದವರಲ್ಲ.

೫. ಬಂಧನಕ್ಕೆ ಬೇಕಾಗುವ ಬಲ

ಉರುಳಿಸಲು ಅಲ್ಪ ಬಲ ಸಾಕೆಂಬುದು ಭಯಕ್ಕೆ ಕಾರಣವಾದರೆ, ತಡೆಯಲೂ ಅಲ್ಪ ಬಲವೇ ಸಾಕೆಂಬುದು ಸಮಾಧಾನಕ್ಕೆ ಕಾರಣ. ಅದೇ ಡ್ರಾಯರು ಪೆಟ್ಟಿಗೆಯನ್ನು ನೆಲದಿಂದ ೧೧೫ ಸೆಂಟಿಮೀಟರು ಎತ್ತರದಲ್ಲಿ ಗೋಡೆಗೆ ಬಂಧಿಸಿದೆಯೆನ್ನೋಣ. ೨೭ ಕಿಲೋ ತೂಕದ ಹುಡುಗನೇ ಹತ್ತಿದರೂ ಉರುಳಿಸುವ ತಿರುಗುಬಲ ೮೬೪ಕ್ಕೆ ೨೪೦ ಕೂಡಿ ೧೧೦೪. ಇದರಲ್ಲಿ ೫೫೦ನ್ನು ಪೆಟ್ಟಿಗೆಯ ತೂಕವೇ ತಡೆಯುತ್ತದೆ. ಉಳಿದ ೫೫೪ನ್ನು ೧೧೫ರಿಂದ ಭಾಗಿಸಿದರೆ ಬಂಧನದ ಮೇಲೆ ಬೀಳುವ ಎಳೆತ ೫ ಕಿಲೋಗಿಂತ ಕಡಿಮೆ. ಜಗ್ಗಾಟ ಕುಣಿದಾಟಗಳಿಗಾಗಿ ಇದನ್ನು ಹಲವು ಪಟ್ಟು ಹೆಚ್ಚಿಸಿಕೊಂಡರೂ, ಗಟ್ಟಿ ಇಟ್ಟಿಗೆಯಲ್ಲಿ ಸರಿಯಾಗಿ ಕೂತ ತಿರುಪುಮೊಳೆ ಅದನ್ನು ತಾಳಬಲ್ಲದು.

ಈ ಲೆಕ್ಕದಿಂದ ಎರಡು ಸೂತ್ರಗಳು ಹೊರಡುತ್ತವೆ. ಮೊದಲನೆಯದು, ಬಂಧನವು ಆದಷ್ಟು ಎತ್ತರದಲ್ಲಿರಬೇಕು; ಎತ್ತರ ಅರ್ಧವಾದರೆ ಎಳೆತ ಇಮ್ಮಡಿಯಾಗುವುದು. ಎರಡನೆಯದು, ಬಂಧನವು ಬಿಗಿಯಾಗಿರಬೇಕು. ಪಟ್ಟಿ ಸಡಿಲವಾಗಿದ್ದರೆ ಕಪಾಟು ಮೊದಲು ವಾಲಿ, ವೇಗ ಪಡೆದು, ಬಳಿಕ ಪಟ್ಟಿಯನ್ನು ಜಗ್ಗುತ್ತದೆ. ನಿಂತುದನ್ನು ಹಿಡಿದಿಡಲು ೫ ಕಿಲೋ ಸಾಕಾದರೂ ಬೀಳುತ್ತಿರುವುದನ್ನು ತಡೆಯಲು ಅದು ಸಾಲದು.

೬. ಗೋಡೆಗಳ ಪರೀಕ್ಷೆ

ಬಂಧನದ ಸಾಮರ್ಥ್ಯವು ಕೊನೆಗೆ ಗೋಡೆಯ ಸಾಮರ್ಥ್ಯವೇ ಆದುದರಿಂದ ಮೊದಲು ಗೋಡೆಯ ಜಾತಿಯನ್ನರಿಯಬೇಕು.

ಸುಟ್ಟ ಇಟ್ಟಿಗೆಯ ಗೋಡೆ ಉತ್ತಮವಾದುದು. ಆದರೆ ಹೊರಗೆ ಕಾಣುವುದು ಇಟ್ಟಿಗೆಯಲ್ಲ, ಗಾರೆ. ಇದರ ದಪ್ಪ ಸಾಮಾನ್ಯವಾಗಿ ೧೨ರಿಂದ ೨೦ ಮಿಲಿಮೀಟರು. ಒಂದಂಗುಲದ ಮೊಳೆ ಹೊಡೆದರೆ ಅದರ ಬಹುಭಾಗ ಗಾರೆಯಲ್ಲಿಯೇ ಉಳಿದು, ಎಳೆತ ಬಿದ್ದಾಗ ಗಾರೆಯ ಹೆಕ್ಕಳೆಯೊಡನೆ ಕಿತ್ತುಬರುವುದು. ತಿರುಪುಮೊಳೆಯು ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಕನಿಷ್ಠ ೪೦ರಿಂದ ೫೦ ಮಿಲಿಮೀಟರು ಹೋಗಬೇಕು. ಬೈರಿಗೆಯಿಂದ ಬರುವ ಪುಡಿ ಕೆಂಪಾಗಿದ್ದರೆ ಇಟ್ಟಿಗೆ ತಗುಲಿತೆಂದೂ, ಬೂದುಬಣ್ಣದ್ದಾಗಿಯೇ ಉಳಿದರೆ ಸಂದಿನಲ್ಲಿ ಕೊರೆಯುತ್ತಿರುವೆವೆಂದೂ ತಿಳಿಯಬಹುದು. ಸಂದನ್ನು ಬಿಟ್ಟು ಬೇರೆಡೆ ಕೊರೆಯುವುದು ಲೇಸು.

ಟೊಳ್ಳು ಕಾಂಕ್ರೀಟು ಬ್ಲಾಕಿನ ಗೋಡೆಯಲ್ಲಿ ಬೈರಿಗೆ ಒಂದಂಗುಲದಷ್ಟು ಹೋದ ಮೇಲೆ ಥಟ್ಟನೆ ಒಳಕ್ಕೆ ಜಾರುತ್ತದೆ. ಅಂಥಲ್ಲಿ ಸಾಧಾರಣ ಪ್ಲಗ್ಗು ಹಿಡಿಯದು. ಟೊಳ್ಳಿನೊಳಗೆ ರೆಕ್ಕೆ ಬಿಚ್ಚಿಕೊಂಡು ಹಿಂದಿನಿಂದ ಒತ್ತುವ ಬೋಲ್ಟು ಬೇಕು. ಈಚಿನ ವಸತಿಸಮುಚ್ಚಯಗಳ ಹಗುರವಾದ ಬಿಳಿಯ ಬ್ಲಾಕುಗಳು ಮೃದುವಾದುವು. ಇವುಗಳಲ್ಲಿ ಬೈರಿಗೆಯ ಸುತ್ತಿಗೆ ಹೊಡೆತವನ್ನು ನಿಲ್ಲಿಸಿ ಮೆಲ್ಲನೆ ಕೊರೆದು, ಅವಕ್ಕೆಂದೇ ಮಾಡಿದ ಉದ್ದನೆಯ ಪ್ಲಗ್ಗುಗಳನ್ನು ಬಳಸಬೇಕು. ಕರಾವಳಿಯ ಮುರಕಲ್ಲು ಏಕರೂಪದ್ದಲ್ಲ. ಮೆತ್ತನೆಯ ಭಾಗ ಸಿಕ್ಕಿದರೆ ಸ್ಥಳ ಬದಲಿಸಬೇಕು. ಮಣ್ಣಿನ ಗೋಡೆಯಲ್ಲಿ ತಿರುಪುಮೊಳೆಯನ್ನು ನಂಬಲೇಬಾರದು. ಅಂಥ ಮನೆಗಳಲ್ಲಿ ಬಾಗಿಲುವಾಡ, ಮರದ ಕಂಬ ಅಥವಾ ತೊಲೆಗೆ ಬಂಧಿಸುವುದು ಯುಕ್ತ.

ಸೂರಿಗೂ ಕಪಾಟಿನ ನೆತ್ತಿಗೂ ನಡುವೆ ಒತ್ತಿ ನಿಲ್ಲಿಸುವ ತಿರುಪಿನ ಕಂಬಗಳು ಜಪಾನಿನಲ್ಲಿ ಬಳಕೆಯಲ್ಲಿವೆ. ಅವಕ್ಕೆ ಗಟ್ಟಿಯಾದ ಮೇಲ್ಛಾವಣಿ ಬೇಕು. ನಮ್ಮ ಹೆಂಚಿನ ಮಾಡಿಗೂ, ಅಲಂಕಾರಕ್ಕಾಗಿ ಇಳಿಬಿಟ್ಟ ತೆಳುಹಲಗೆಯ ಸೂರಿಗೂ ಅವು ಸಲ್ಲವು.

೭. ಬಂಧಿಸುವ ಕ್ರಮ

ಮೊದಲು ಕಪಾಟನ್ನು ಬರಿದುಮಾಡಿ, ರಸಮಟ್ಟದಿಂದ ನೆಲದ ಓಟವನ್ನು ನೋಡಿ, ಮುಂಗಾಲುಗಳ ಕೆಳಗೆ ತೆಳುವಾದ ಚಕ್ಕೆಗಳನ್ನಿಟ್ಟು ಅದು ಕೂದಲೆಳೆಯಷ್ಟು ಹಿಂದಕ್ಕೆ ವಾಲುವಂತೆ ಮಾಡಬೇಕು. ಬಳಿಕ ಕಪಾಟಿನಲ್ಲಿ ಬಲವಾದ ಸ್ಥಳವನ್ನು ಹುಡುಕಬೇಕು. ಮರದ ಕಪಾಟಿನ ಬೆನ್ನಹಲಗೆ ಹೆಚ್ಚಾಗಿ ಮೂರು ನಾಲ್ಕು ಮಿಲಿಮೀಟರಿನ ತೆಳು ಪ್ಲೈವುಡ್ಡು. ಅದಕ್ಕೆ ಬಿಗಿದ ಪಟ್ಟಿ ಅದನ್ನೇ ಕಿತ್ತುಕೊಂಡು ಬರುತ್ತದೆ. ಪಕ್ಕದ ಹಲಗೆಗೆ ಅಥವಾ ನೆತ್ತಿಯ ದಪ್ಪ ಹಲಗೆಗೆ ಬಿಗಿಯಬೇಕು. ಕಬ್ಬಿಣದ ಬೀರುವಿನ ಬೆನ್ನತಗಡಿನ ನಡುಭಾಗವೂ ತೆಳುವೇ. ತಗಡು ಮಡಿಸಿ ಕೂಡಿಸಿದ ಮೇಲಿನ ಮೂಲೆಗಳ ಸಮೀಪ ರಂಧ್ರ ಮಾಡಿ, ಒಳಗಡೆ ಅಗಲವಾದ ವಾಷರನ್ನಿಟ್ಟು ಬೋಲ್ಟು ಬಿಗಿಯಬೇಕು.

ಗೋಡೆಯಲ್ಲಿ ಕೊರೆಯುವ ಮುನ್ನ ವಿದ್ಯುತ್ ತಂತಿಗಳೂ ನೀರಿನ ಕೊಳವೆಗಳೂ ಹಾದುಹೋಗುವ ಜಾಡನ್ನು ತಿಳಿಯಬೇಕು. ಸ್ವಿಚ್ಚಿನ ನೇರಕ್ಕೆ ಮೇಲೂ ಕೆಳಗೂ, ಬಚ್ಚಲುಮನೆಯ ಗೋಡೆಯ ಬೆನ್ನಿನಲ್ಲೂ ಕೊರೆಯದಿರುವುದು ಕ್ಷೇಮ. ಎಂಟು ಮಿಲಿಮೀಟರಿನ ರಂಧ್ರ ಕೊರೆದು, ಒಳಗಿನ ಪುಡಿಯನ್ನು ಚೆನ್ನಾಗಿ ಊದಿ ತೆಗೆದು, ಅದೇ ಅಳತೆಯ ಪ್ಲಗ್ಗನ್ನು ಕೂರಿಸಬೇಕು. ಪುಡಿ ಉಳಿದರೆ ಪ್ಲಗ್ಗಿನ ಹಿಡಿತ ಸಡಿಲವಾಗುವುದು. ಎಡಕ್ಕೊಂದು ಬಲಕ್ಕೊಂದು ಎಲ್ ಆಕಾರದ ಕಬ್ಬಿಣದ ಪಟ್ಟಿಗಳು ಸಾಕು. ಒಂದೇ ಪಟ್ಟಿಯಾದರೆ ಕಪಾಟು ಅದರ ಸುತ್ತ ತಿರುಚಿಕೊಳ್ಳಬಹುದು. ಎಲ್ಲವೂ ಬಿಗಿಯಾದ ಮೇಲೆ ನೆತ್ತಿಯನ್ನು ಹಿಡಿದು ನಿಧಾನವಾಗಿ ಮುಂದಕ್ಕೆ ಜಗ್ಗಿ ಪರೀಕ್ಷಿಸಬೇಕು. ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮನೆಯನ್ನು ಶುಚಿಮಾಡುವಾಗ ತಿರುಪುಗಳನ್ನು ಪುನಃ ಬಿಗಿದರೆ ನೆನಪಿಗೂ ಅನುಕೂಲ.

ಭಾರವಾದ ವಸ್ತುಗಳನ್ನು ಕೆಳಗಿನ ಅರೆಗಳಲ್ಲಿಡುವುದು, ಮಕ್ಕಳ ಮನಸ್ಸನ್ನು ಸೆಳೆಯುವ ಆಟಿಕೆ, ತಿಂಡಿಯ ಡಬ್ಬಗಳನ್ನು ನೆತ್ತಿಯ ಮೇಲಿಡದಿರುವುದು, ಡ್ರಾಯರುಗಳನ್ನು ತೆರೆದಿಟ್ಟು ಹೋಗದಿರುವುದು, ಇವೆಲ್ಲ ಬಂಧನಕ್ಕೆ ಪೂರಕವಾದುವು, ಬಂಧನಕ್ಕೆ ಬದಲಿಯಲ್ಲ.

೮. ಉಪಸಂಹಾರ

ಬಾಡಿಗೆಯ ಮನೆಗಳಲ್ಲಿ ಒಂದು ತೊಡಕುಂಟು. ಗೋಡೆಗೆ ಮೊಳೆ ಹೊಡೆಯಕೂಡದೆಂಬುದು ಅನೇಕ ಯಜಮಾನರ ಕರಾರು. ಗೋಡೆಯ ಅಂದವನ್ನು ಕಾಪಾಡುವ ಅವರ ಆಸೆ ನ್ಯಾಯವಾದುದೇ. ಆದರೆ ಬೀರುವಿನ ನೆತ್ತಿಯ ಮಟ್ಟದಲ್ಲಿರುವ ರಂಧ್ರಗಳನ್ನು ಬೀರುವೇ ಮರೆಮಾಡುತ್ತದೆ. ಮನೆ ಬಿಡುವಾಗ ಒಂದು ಹಿಡಿ ಗಾರೆಯಿಂದ ಅವನ್ನು ಮುಚ್ಚಬಹುದು. ಕರಾರುಪತ್ರದಲ್ಲಿಯೇ ಈ ಒಂದು ಅಪವಾದವನ್ನು ಬರೆದುಕೊಳ್ಳುವುದು ಉಭಯರಿಗೂ ಹಿತ. ಸಮ್ಮತಿ ದೊರೆಯದಿದ್ದಲ್ಲಿ ಎತ್ತರದ ಕಪಾಟನ್ನು ಮಕ್ಕಳು ಮಲಗುವ, ಆಡುವ ಕೋಣೆಯಿಂದ ಹೊರಗಿಡುವುದೂ, ಅಲ್ಲಿ ತಗ್ಗಾದ ಪೆಟ್ಟಿಗೆಗಳನ್ನೇ ಬಳಸುವುದೂ ಉಳಿದ ದಾರಿ.

ಮನೆ ಕಟ್ಟಿಸುವವರಿಗೆ ಇದಕ್ಕಿಂತ ಸುಲಭವಾದ ಉಪಾಯವುಂಟು. ಬೀರು ನಿಲ್ಲತಕ್ಕ ಗೋಡೆಯನ್ನು ನಕ್ಷೆಯಲ್ಲಿಯೇ ಗುರುತಿಸಿ, ಗೋಡೆ ಏಳುವಾಗ ಆರಡಿಯ ಎತ್ತರದಲ್ಲಿ ಒಂದು ಮರದ ಅಥವಾ ಕಾಂಕ್ರೀಟಿನ ಪಟ್ಟಿಯನ್ನು ಗಾರೆಯವನಿಂದ ಕೂರಿಸಿಬಿಟ್ಟರೆ ಮುಂದೆ ಯಾವ ಕಪಾಟನ್ನಾದರೂ ಅದಕ್ಕೆ ಬಿಗಿಯಬಹುದು. ಕಿಟಕಿಗೆ ಸರಳು, ಬಾವಿಗೆ ಕಟ್ಟೆ, ತಾರಸಿಗೆ ಕೈಪಿಡಿಗೋಡೆ ಇಲ್ಲದ ಮನೆಯನ್ನು ಪೂರ್ಣವಾಯಿತೆಂದು ನಾವು ಒಪ್ಪುವುದಿಲ್ಲ. ಬಂಧನವಿಲ್ಲದ ಬೀರುವನ್ನೂ ಅದೇ ದೃಷ್ಟಿಯಿಂದ ನೋಡುವ ರೂಢಿ ಬೆಳೆಯಬೇಕಾಗಿದೆ. ಅಂಗಡಿಯಿಂದ ಬೀರು ಬಂದ ದಿನ ಅದನ್ನು ಗೋಡೆಗೆ ಬಿಗಿದ ಮೇಲೆಯೇ ಮೊದಲ ಬಟ್ಟೆಯನ್ನು ಒಳಗಿಡುವುದು ಒಳ್ಳೆಯದು. ತುಂಬಿದ ಬೀರುವನ್ನು ಬರಿದುಮಾಡಿ ಬಿಗಿಯುವ ಬಿಡುವು ಮನೆಯವರಿಗೆ ಅಷ್ಟು ಸುಲಭವಾಗಿ ಒದಗುವುದಿಲ್ಲ.